ಹೊಟ್ಟೆ ಕುಯ್ಯಿಸದೆ ಹೋದ ಅಂಬಿಗ

ಸಾಯುವ ಹಿಂದಿನ ದಿನ ಕುಚಿಂಗ್ ಊರಿನ ಹೊಳೆಯಲ್ಲಿ ಬುಜಾಂಗ್ ಎಂದಿನಂತೆ ಜನರನ್ನು ದಾಟಿಸಿದ. ನೂರಾ ನಲವತ್ತು ಕಿಲೋದ ಅಂಬಿಗ ಹಿಂದೆ ಕೂತರೆ ದೋಣಿಯ ಮೂತಿ ಮೇಲೇಳುತ್ತಿತ್ತು. ಹತ್ತಿದವರು ಯಾರೂ ಹೇಳದೆಯೇ ಮುಂದಕ್ಕೆ ಸರಿದು ಕೂರುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದು, ಬೇಯಿಸಿದ ಮೀನು ತಿಂದು, ಹೊಟ್ಟೆಗೆ ತೂಕ ಇಳಿಸುವ ವಾರದ ಸೂಜಿ ಚುಚ್ಚಿಸಿಕೊಂಡ. ಚುಚ್ಚಿದವಳು ಹೆಂಡತಿ ಸಾಪಿಯಾ.

"ಎಂಟು ತಿಂಗಳಿಗೆ ಇಳಿದಿದ್ದು ಹನ್ನೊಂದು ಕಿಲೋ. ಆಪರೇಷನ್ ಆಗಿದ್ರೆ ಇಷ್ಟೊತ್ತಿಗೆ ನಿನ್ನ ರವಿಕೆ ನಂಗಾಗ್ತಿತ್ತು" ಅಂದ.

"ಹನ್ನೊಂದು ಸಾಲ್ದಾ ಅಬಾಂಗ್? ಇರೋ ಹೊಟ್ಟೆ ಹಾಗೇ ಇರ್ಲಿ."

ಗಂಡನನ್ನು ಅಬಾಂಗ್, ಅಣ್ಣ ಅನ್ನುವುದು ಅಲ್ಲಿಯ ರೂಢಿ. ಅವನು ನಕ್ಕ. ಮರುದಿನ ನಡುಹೊಳೆಯಲ್ಲಿ ಎದೆ ಹಿಡಿದುಕೊಂಡು ಕುಸಿದ. ದಡ ಸೇರುವಷ್ಟರಲ್ಲಿ ಮುಗಿದಿತ್ತು.

ಆಪರೇಷನ್ ಬೇಡ ಅಂದವಳು ಸಾಪಿಯಾಳೇ. ಡಾಕ್ಟರು ಎರಡು ದಾರಿ ಹೇಳಿದ್ದರು. ಹೊಟ್ಟೆಯ ಚೀಲ ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸುವುದು ಒಂದು. ಊಟ ಕಮ್ಮಿ ಮಾಡಿ, ನಡೆದು, ಸೂಜಿ ತಗೊಳ್ಳುವುದು ಇನ್ನೊಂದು. ಬುಜಾಂಗನಿಗೆ ಮೊದಲನೆಯದೇ ಬೇಕಿತ್ತು. ಸಾಪಿಯಾಗೆ ಚಾಕುವಿಗಿಂತ ದೊಡ್ಡ ಭಯ ಇನ್ನೊಂದಿತ್ತು. ಮುಂದಿಟ್ಟ ಊಟ ತಿನ್ನದೆ ಎದ್ದವನಿಗೆ ದಾರಿಯಲ್ಲಿ ಕೇಡು ಕಾದಿರುತ್ತದೆ ಎಂಬುದು ಊರಿನ ನಂಬಿಕೆ. ಹೊಳೆಯವನಿಗಾದರೆ ಮೊಸಳೆ. ಹಸಿವಿಲ್ಲದವನು ಬೆರಳಲ್ಲಿ ಮುಟ್ಟಿ ತುಟಿಗೆ ತಾಗಿಸಿದರೆ ಸಾಕು, ಅದು ಅವಳಿಗೂ ಗೊತ್ತಿತ್ತು. ಆದರೆ ಅದು ಎಂದೋ ಒಂದು ದಿನಕ್ಕೆ. ಬಾಳೆಹಣ್ಣಿನಷ್ಟು ಹೊಟ್ಟೆಯವನು ಜನ್ಮವಿಡೀ ಮುಟ್ಟಿಕೊಂಡೇ ತಿರುಗಿದರೆ ನಡೆಯುತ್ತದೆಯೇ? ಹಟ ಹಿಡಿದಳು. ಅವನು ಸೋತ.

ಮೂರನೇ ದಿನದ ಪ್ರಾರ್ಥನೆಯ ಊಟಕ್ಕೆ ಆಸ್ಪತ್ರೆಯ ನರ್ಸ್ ಜುರೈನಾ ಬಂದಳು. ಮೂರು ತುತ್ತು ತಿಂದಳು. ಉಳಿದ ಒಂದೊಂದು ತಟ್ಟೆಗೂ ಬೆರಳು ಮುಟ್ಟಿಸಿ ತುಟಿಗೆ ತಾಗಿಸಿದಳು. ಸಾಪಿಯಾ ನೋಡುತ್ತಲೇ ಇದ್ದಳು. ಆಮೇಲೆ ಅಡುಗೆಮನೆಗೆ ಕರೆದು, ಮೈ ಹುಷಾರಿಲ್ಲವಾ ಎಂದು ಕೇಳಿದಳು.

"ಹುಷಾರಾಗೇ ಇದ್ದೀನಿ ಮಾಚಿಕ್. ಹೊಟ್ಟೆ ಆಪರೇಷನ್ ಆಗಿ ಆರು ವರ್ಷ. ಎಲ್ಲರ ಮನೇಲೂ ಹೀಗೇ, ಮುಟ್ಟಿ ಏಳೋದು" ಅಂದಳು, ಊರಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ ಮಾಚಿಕ್, ಚಿಕ್ಕಮ್ಮ ಅಂತ ಕರೆದು.

"ಏನೂ ಆಗ್ಲಿಲ್ವಾ?"

"ಕೂದಲು ಉದುರ್ತು. ಮಾತ್ರೆ ಸಾಯೋ ತನಕ ನುಂಗ್ಬೇಕು. ಮೊಸಳೆ ಮಾತ್ರ ಬರ್ಲಿಲ್ಲ."

ಸಾಪಿಯಾ ನಗಲಿಲ್ಲ. ಕೇಳಬೇಕಾದ್ದನ್ನು ಕೇಳಿಯೇಬಿಟ್ಟಳು. ಕುಯ್ಯಿಸಿದ್ದರೆ ಉಳೀತಿದ್ರಾ?

ಜುರೈನಾ ತನಗೆ ಗೊತ್ತಿದ್ದಷ್ಟು ಹೇಳಿದಳು. ಆಪರೇಷನ್‌ನಲ್ಲಿ ತೂಕ ಜಾಸ್ತಿ ಇಳಿಯುತ್ತದೆ, ಎಷ್ಟೋ ಜನರಿಗೆ ಸಕ್ಕರೆಯೂ ಇಳಿಯುತ್ತದೆ. ಸೂಜಿ ಬಿಟ್ಟರೆ ತೂಕ ವಾಪಸ್ ಬರುವುದೇ ಹೆಚ್ಚು. ಹಾಗಂತ ಆಪರೇಷನ್ ಮೇಜಿನ ಮೇಲೆ ಹೋದವರೂ ಇದ್ದಾರೆ, ಅಪರೂಪಕ್ಕೆ.

"ಅವರ ಎದೆಯೊಳಗೆ ಏನಿತ್ತೋ ಮಾಚಿಕ್. ಉಳೀತಿದ್ರು ಅಂದ್ರೂ ಸುಳ್ಳು, ಇಲ್ಲ ಅಂದ್ರೂ ಸುಳ್ಳು."

ಹೌದು ಅಂದಿದ್ದರೆ ಸಾಪಿಯಾ ಅಳುತ್ತಿದ್ದಳು. ಇಲ್ಲ ಅಂದಿದ್ದರೂ ಅಳುತ್ತಿದ್ದಳು. ಈ ಉತ್ತರಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಮುಂದಿನ ವಾರ ಡಾಕ್ಟರ ಹತ್ತಿರವೇ ಹೋದಳು. ಅವರೂ ಅದನ್ನೇ ಹೇಳಿ, ಬಂದವಳನ್ನು ಸುಮ್ಮನೆ ಬಿಡದೆ ತೂಕದ ಯಂತ್ರಕ್ಕೆ ಹತ್ತಿಸಿದರು. ಎಪ್ಪತ್ತೊಂಬತ್ತು ಕಿಲೋ. ನನಗಾದರೂ ಕುಯ್ಯಿರಿ ಅಂದಳು. ನಿಮಗೆ ಅದು ಬೇಕಿಲ್ಲ, ಅನ್ನ ಕಮ್ಮಿ ಮಾಡಿ ನಡೀರಿ ಅಂದರು. ಗಂಡನಿಗೆ ತಾನು ಹೇಳಿದ್ದ ಮಾತೇ ತನಗೆ ಸಿಕ್ಕಿತು.

ಈಗ ದಿನಾ ಬೆಳಿಗ್ಗೆ ಒಂದು ಬಟ್ಟಲು ಅಕ್ಕಿ ಅಳೆದು ತೊಳೆಯುತ್ತಾಳೆ. ತೊಳೆಯುವ ಮೊದಲೇ ಕೈ ತಾನಾಗಿ ಗಂಡನಿಗೆಂದು ಇನ್ನೂ ಮೂರು ಬಟ್ಟಲು ಅಳೆದಿರುತ್ತದೆ. ಅದನ್ನು ಡಬ್ಬಿಗೆ ವಾಪಸ್ ಸುರಿಯುತ್ತಾಳೆ.