ಹತ್ತೊಂಬತ್ತು ದಿನ ಬಾಯಿ ಬಿಡದ ವಿಠ್ಠಲ್

ಮಳಖೇಡದ ವಿಠ್ಠಲ್ ಕಂಬ ಹತ್ತುವುದರಿಂದ ಶುರುಮಾಡಿದವನು. ತಂದೆ ಊರ ಗುಡಿಯಲ್ಲಿ ಪೂಜೆ ಮಾಡಿಕೊಂಡಿದ್ದರು, ಅಣ್ಣ ಶಾಲಾ ಮಾಸ್ತರನಾದ. ಇವನೊಬ್ಬ ಮಾತ್ರ ಡಿಪ್ಲೊಮಾ ಮುಗಿಸಿ, ಹೆಗಲಿಗೆ ತಂತಿಯ ಸುರುಳಿ ಏರಿಸಿಕೊಂಡು ಸೇಡಂನ ಕಲ್ಯಾಣಪ್ಪನವರ ಕೇಬಲ್ ಟಿವಿ ಆಫೀಸಿಗೆ ಸೇರಿದ. ಜನಿವಾರದವನು ಕಂಬ ಹತ್ತುತ್ತಾನೆಂದು ಊರವರು ನಕ್ಕರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಟಿವಿಯ ಕೇಬಲ್ ಕಾಲಕ್ರಮದಲ್ಲಿ ಇಂಟರ್ನೆಟ್ ಆಯಿತು. ಸೇಡಂ ಆದ ಮೇಲೆ ಚಿತ್ತಾಪುರ, ಆಮೇಲೆ ವಾಡಿ, ಶಹಾಬಾದ, ಎಲ್ಲದರ ಕೊನೆಗೆ ಚಿಂಚೋಳಿ. ಐದೂ ಊರಿನ ಇಂಟರ್ನೆಟ್ ಸೇಡಂ ಆಫೀಸಿನ ಒಳಕೋಣೆಯಲ್ಲಿದ್ದ ಒಂದೇ ಲಿನಕ್ಸ್ ಸರ್ವರಿನ ಮೂಲಕ ಹಾದುಹೋಗಬೇಕಿತ್ತು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂದು ಅಲ್ಲಿ ನಿರ್ಧರಿಸುವುದು ಫೈರ್‌ವಾಲ್. ಆ ಫೈರ್‌ವಾಲಿನ ಒಂದೊಂದು ಸಾಲನ್ನೂ ವಿಠ್ಠಲ್ ತಾನೇ ಬರೆದಿದ್ದ. ಹೊಸ ಗ್ರಾಹಕ ಬಂದಾಗಲೆಲ್ಲ ಒಂದು ಸಾಲು: ಈ ಬಾಗಿಲಿನಿಂದ ಬಂದ ಈ ವಿಳಾಸದವನನ್ನು ಬಿಡು. ಹನ್ನೊಂದು ವರ್ಷದಲ್ಲಿ ಮೂರು ಸಾವಿರದ ಆರುನೂರು ಸಾಲುಗಳಾಗಿದ್ದವು. ನಡುನಡುವೆ ಆತ ಟಿಪ್ಪಣಿಯನ್ನೂ ಬರೆದಿಟ್ಟಿದ್ದ. ‘ದಾಲ್ ಮಿಲ್ಲಿನವರು, ಸಿಟ್ಟಿನ ಮನುಷ್ಯ.’ ‘ಡಾಕ್ಟರ್ ಮನೆ, ಒಂದು ದಿನವೂ ನಿಲ್ಲಬಾರದು.’ ಕಲ್ಯಾಣಪ್ಪನವರು ಬಂದವರೆದುರು, “ನಮ್ಮ ಕಂಪನಿ ಅಂದ್ರ ವಿಠ್ಠಲನ ತಲಿ ನೋಡ್ರಿ” ಎನ್ನುತ್ತಿದ್ದರು. ಆ ಮಾತು ಕೇಳಿಸಿದ ದಿನ ವಿಠ್ಠಲನಿಗೆ ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಆ ಮಾತು ನಿಂತದ್ದು ಚಿಂಚೋಳಿಯವರ ದೂರು ಶುರುವಾದ ಮೇಲೆ.

“ಸಂಜಿ ಆದ್ರ ಸಾಕು, ಚಿಂಚೋಳಿ ಮಂದಿ ಫೋನ್ ಮಾಡಿ ಬೈಲಿಕತ್ತಾರಪಾ. ಒಂದ್ ವಿಡಿಯೋ ಓಡವಲ್ದು ಅಂತ,” ಎಂದರು ಕಲ್ಯಾಣಪ್ಪ.

“ಮಷೀನ್ ಹಳೇದಾಗ್ಯದರಿ ಸಾವ್ಕಾರ್ರ. ದೊಡ್ಡದೊಂದು ತರಸ್ರಿ,” ಎಂದ ವಿಠ್ಠಲ್.

ಸಾವ್ಕಾರರು ಮಷೀನ್ ತರಿಸಲಿಲ್ಲ. ಲುಂಬಿನಿಯನ್ನು ಕರೆಸಿದರು.

ಲುಂಬಿನಿ ವಾಡಿಯವಳು. ತಂದೆ ರೈಲ್ವೆ ಹಳಿಯ ಕೆಲಸದಲ್ಲಿದ್ದರು. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಅಲ್ಲೇ ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದಳು. ಇಪ್ಪತ್ತಾರು ವರ್ಷದ ತೆಳ್ಳನೆಯ ಹುಡುಗಿ, ಮಾತು ಕಡಿಮೆ. ಬಂದ ಮೂರನೆಯ ದಿನ ಅವಳು ವಿಠ್ಠಲನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೂ ಓದಿದಳು. ತನ್ನ ಟಿಪ್ಪಣಿಗಳನ್ನು ಓದಿ ಅವಳು ನಕ್ಕದ್ದನ್ನು ವಿಠ್ಠಲ್ ಕಂಡ. ಆ ನಗು ಸಂತೋಷದ್ದೋ ತಮಾಷೆಯದ್ದೋ ಎಂದು ವಿಚಾರಿಸುವ ವ್ಯವಧಾನ ಅವನಿಗಿರಲಿಲ್ಲ. ನೋಡಿದೊಡನೆ ಮೈ ಉರಿಯಿತು.

“ಮಷೀನಿಗಿ ಏನೂ ಆಗಿಲ್ರಿ,” ಎಂದಳು ಅವಳು ಕಲ್ಯಾಣಪ್ಪನವರಿಗೆ. ವಿಠ್ಠಲ್ ಪಕ್ಕದಲ್ಲೇ ನಿಂತಿದ್ದ. “ಜನ ನೋಡೋದೆಲ್ಲಾ ಚೂರು ಚೂರಾಗಿ ಬರ್ತದ್ರಿ. ಒಂದೊಂದು ಚೂರು ಬಂದಾಗೂ ಸರ್ವರ್ ಮೊದಲ್ನೇ ಸಾಲಿನಿಂದ ಓದಲಿಕತ್ತದ. ಚಿಂಚೋಳಿಯವ್ರು ಆಖರಿಗಿ ಸೇರಿದವ್ರು, ಅವ್ರ ವಿಳಾಸ ತಳದಾಗ ಅವ. ಅಲ್ಲಿತನಾ ಮೂರೂವರಿ ಸಾವಿರ ಸಾಲು ದಾಟಬೇಕು.”

“ಅಂದ್ರ ಏನ್ ಮಾಡಬೇಕವ್ವಾ?”

“ನಮ್ಮ ವಾಡಿ ಸ್ಟೇಷನ್ ನೋಡ್ರಿ. ಯಾವ ಪ್ಲಾಟ್‌ಫಾರ್ಮ್ ಅಂತ ಮೊದ್ಲ ಗೊತ್ತಾದ್ರ, ಉಳಿದ ಪ್ಲಾಟ್‌ಫಾರ್ಮ್ ಹುಡಕೋ ಜರೂರತ್ತಿಲ್ಲ. ಚೂರು ಯಾವ ಊರಿನ ಬಾಗಿಲಿನಿಂದ ಬಂತು ಅಂತ ಒಂದೇ ಸಲ ನೋಡೋದು. ಆಮ್ಯಾಲ ಆ ಊರಿನ ವಿಳಾಸ ಎಲ್ಲಾ ಒಂದು ಸೆಟ್‌ನಾಗ ಇಡೋದು. ಸೆಟ್‌ನಾಗ ಅದನೋ ಇಲ್ಲೋ ಅಂತ ಒಂದೇ ಏಟಿಗಿ ಗೊತ್ತಾಗ್ತದ. ಸಾಲು ಸಾಲು ಓದಂಗಿಲ್ಲ.”

ಆ ವಾರ ಮೂರು ಸಾವಿರದ ಆರುನೂರು ಸಾಲು ಹೋಗಿ ಹದಿನೇಳು ಸಾಲು ಬಂದವು. ಹೊಸ ಸಾಲು ಹಾಕಿದ ದಿನ ಸಂಜೆ ಚಿಂಚೋಳಿಯಿಂದ ಒಂದೇ ಒಂದು ಫೋನ್ ಬರಲಿಲ್ಲ. ಕಲ್ಯಾಣಪ್ಪನವರು ಭಜಿ ತರಿಸಿದರು, ಮೊದಲ ತಟ್ಟೆಯನ್ನು ಲುಂಬಿನಿಯ ಮುಂದೆ ಇಟ್ಟರು. ವಿಠ್ಠಲ್ ಒಂದು ಭಜಿ ತಿಂದು ತಟ್ಟೆ ಸರಿಸಿದ.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಮಳಖೇಡದ ಮನೆಗೂ ಅದೇ ಇಂಟರ್ನೆಟ್. ಹೆಂಡತಿ ಭಾಮಾ ರೊಟ್ಟಿ ಬಡಿಯುತ್ತ ಅಂದಳು, “ಈಗ ನೆಟ್ ಎಷ್ಟ್ ಛಂದ ಓಡ್ಲಿಕತ್ತದರೀ! ಯಾರೋ ಹೊಸ ಹುಡುಗಿ ಬಂದಾಳಂತಲ್ಲ, ಭಾಳ ಶ್ಯಾಣೇಕಿ ಇರಬೇಕು.”

“ನೆಟ್ ಮೊದ್ಲೂ ಓಡತಿತ್ತು.”

“ಓಡತಿತ್ತು ಬಿಡ್ರಿ, ಕುಂಟ್ಕೋತ.”

ಅವಳು ನಕ್ಕಳು. ಅವನು ಅರ್ಧ ರೊಟ್ಟಿಗೇ ಕೈ ತೊಳೆದ.

ಹೊಟ್ಟೆಕಿಚ್ಚು ಮನುಷ್ಯನನ್ನು ಸೋಮಾರಿ ಮಾಡುತ್ತದೆ ಅನ್ನುತ್ತಾರೆ. ವಿಠ್ಠಲನಿಗೆ ಆದದ್ದು ಬೇರೆ. ಆ ಹದಿನೇಳು ಸಾಲುಗಳಲ್ಲಿ ಎಲ್ಲಾದರೂ ಒಂದು ತಪ್ಪು ಸಿಕ್ಕೇ ಸಿಗಬೇಕೆಂದು ಆತ ಓದಲು ಕುಳಿತ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಪೂರ್ತಿ ಓದದಿದ್ದ ಕೈಪಿಡಿಯನ್ನು ಸಾಲು ಬಿಡದೆ ಓದಿದ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಫೀಸಿಗೆ ಬಂದು ಓದಿದ, ಮಧ್ಯಾಹ್ನ ಡಬ್ಬಿ ಬಿಚ್ಚಿಟ್ಟುಕೊಂಡು ಓದಿದ. ಐದನೆಯ ದಿನ ಸಿಕ್ಕಿತು.

ಸಣ್ಣದೇ ವಿಷಯ. ಸರ್ವರ್‌ಗೆ ಒಂದೊಂದು ಊರಿನ ತಂತಿ ಬಂದು ಸೇರುವ ಬಾಗಿಲಿಗೆ ಇಂಟರ್‌ಫೇಸ್ ಎನ್ನುತ್ತಾರೆ. ಅದಕ್ಕೊಂದು ಹೆಸರಿರುತ್ತದೆ. ಅದು ಎದ್ದು ನಿಂತಾಗ ಲಿನಕ್ಸ್ ಅದಕ್ಕೊಂದು ಅಂಕಿಯನ್ನೂ ಕೊಡುತ್ತದೆ. ಬಾಗಿಲನ್ನು ಹೆಸರಿನಿಂದ ಗುರುತಿಸಬೇಕಾದರೆ ‘ಐಐಎಫ್‌ನೇಮ್’ ಎಂದು ಬರೆಯಬೇಕು, ಅಂಕಿಯಿಂದಾದರೆ ಬರೀ ‘ಐಐಎಫ್’. ಹೆಸರು ಹೋಲಿಸುವುದಕ್ಕಿಂತ ಅಂಕಿ ಹೋಲಿಸುವುದು ಬೇಗ, ಹಾಗಾಗಿ ಲುಂಬಿನಿ ಅಂಕಿಯನ್ನು ಆರಿಸಿದ್ದಳು. ನಾಲ್ಕು ಊರಿಗೆ ಅದು ಸರಿಯೇ. ಅವುಗಳ ತಂತಿ ಸರ್ವರಿಗೇ ಬಂದು ಕೂತಿದೆ, ಬಾಗಿಲು ಎಂದೂ ಅಳಿಯುವುದಿಲ್ಲ. ಚಿಂಚೋಳಿಯದು ಹಾಗಲ್ಲ. ಅದು ಬೇರೆಯವರ ತಂತಿಯ ಮೇಲೆ ಬಾಡಿಗೆಗೆ ಬರುವ ಸಂಪರ್ಕ. ದಾರಿ ಕಡಿದರೆ ಬಾಗಿಲೇ ಮಾಯವಾಗುತ್ತದೆ. ದಾರಿ ಕೂಡಿದಾಗ ಅದೇ ಹೆಸರಿನ ಹೊಸ ಬಾಗಿಲು ಹುಟ್ಟುತ್ತದೆ, ಆದರೆ ಅಂಕಿ ಬೇರೆ. ಲುಂಬಿನಿಯ ಫೈರ್‌ವಾಲ್ ಹಳೆಯ ಅಂಕಿಗಾಗಿ ಕಾಯುತ್ತ, ಹೊಸ ಅಂಕಿಯಿಂದ ಬಂದ ಚಿಂಚೋಳಿಯನ್ನು ಪೂರ್ತಿ ಹೊರಗೇ ನಿಲ್ಲಿಸುತ್ತದೆ.

ವಿಠ್ಠಲನ ಹಳೆಯ ಪಟ್ಟಿಯಲ್ಲಿ ಹೆಸರೇ ಇತ್ತು. ನಿಧಾನವಾಗಿತ್ತು ನಿಜ, ಆದರೆ ಚಿಂಚೋಳಿಯ ದಾರಿ ನೂರು ಸಲ ಕಡಿದಿದ್ದರೂ ನೂರು ಸಲವೂ ತಾನಾಗಿ ಕೂಡಿಕೊಂಡಿತ್ತು.

‘ಲುಂಬಿನಿ, ಇಲ್ಲಿ ನೋಡು’ ಎಂಬ ಮಾತು ಅವನ ನಾಲಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಕಲ್ಯಾಣಪ್ಪನವರು ಒಳಗೆ ಬಂದರು. “ವಿಠ್ಠಲ್, ಸರ್ವರ್ ಖೋಲಿ ಕೀಲಿ ಲುಂಬಿನಿ ಕಡೆ ಇರಲಿ. ನೀ ಹೊರಗ ತಿರಗಾಡಾಂವ, ಹುಡುಕ್ಯಾಡಬೇಕಾಗ್ತದ,” ಎಂದರು. ವಿಠ್ಠಲ್ ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಬಂದ ಮಾತನ್ನು ನುಂಗಿಕೊಂಡ.

ಮುಂದಿನ ಹತ್ತೊಂಬತ್ತು ದಿನ ಅವನು ಚಿಂಚೋಳಿಯ ದಾರಿ ಕಡಿಯಲಿ ಎಂದು ಕಾದ. ಗಾಳಿ ಬೀಸಿದರೆ ಕಿವಿ ನೆಟ್ಟಗಾಗುತ್ತಿತ್ತು. ತಿಂಗಳಿಗೆ ಎರಡು ಸಲವಾದರೂ ಕಡಿಯುತ್ತಿದ್ದ ಆ ದಾರಿ, ಹುಡುಗಿಯ ಪುಣ್ಯವೋ ಏನೋ, ಗಟ್ಟಿಯಾಗಿ ನಿಂತುಬಿಟ್ಟಿತ್ತು. ಅದನ್ನು ಕಂಡು ವಿಠ್ಠಲನಿಗೆ ತಂತಿಯ ಮೇಲೂ ಸಿಟ್ಟು ಬಂತು.

ಇಪ್ಪತ್ತನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಐನಾಪುರದ ಹತ್ತಿರ ಲಾರಿಯೊಂದು ಕಂಬಕ್ಕೆ ಗುದ್ದಿತು. ಮುಕ್ಕಾಲು ಗಂಟೆಯಲ್ಲಿ ದಾರಿ ಕೂಡಿತು. ಆದರೆ ಚಿಂಚೋಳಿ ಏಳಲಿಲ್ಲ.

ಮೊದಲ ಫೋನ್ ರಶೀದಾಬೇಗಂ ಅವರದು. ಚಿಂಚೋಳಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುವ ಹೆಂಗಸು, ಆ ಊರಿನಲ್ಲಿ ಕಂಪನಿಗೆ ಸಿಕ್ಕ ಮೊಟ್ಟಮೊದಲ ಗ್ರಾಹಕರು. ಅಂದು ನರ್ಸಿಂಗ್ ಸೀಟಿನ ಅರ್ಜಿಗೆ ಕೊನೆಯ ದಿನ, ಸಂಜೆ ಐದಕ್ಕೆ ಮುಗಿಯುತ್ತದೆ. ಸುತ್ತಲಿನ ಹಳ್ಳಿಗಳಿಂದ ಹನ್ನೊಂದು ಹುಡುಗಿಯರು ಬಂದು ಕೂತಿದ್ದಾರೆ. ಮೊಬೈಲ್ ಸಿಗ್ನಲ್‌ಗೆ ಫೋಟೊ, ಮಾರ್ಕ್ಸ್ ಕಾರ್ಡು ಯಾವುದೂ ಏರುತ್ತಿಲ್ಲ.

ಲುಂಬಿನಿ ಆ ಬಾಡಿಗೆ ತಂತಿಯವರಿಗೆ ಮೇಲಿಂದ ಮೇಲೆ ಫೋನ್ ಮಾಡಿದಳು. ಅವರು ನಮ್ಮ ಕಡೆ ಎಲ್ಲ ಸರಿ ಇದೆ ಎಂದರು. ಫೈರ್‌ವಾಲ್ ಫೈಲನ್ನು ಒಮ್ಮೆ ಮತ್ತೆ ಲೋಡ್ ಮಾಡಿದ್ದರೂ ಅಂದಿಗೆ ಸಾಕಿತ್ತು, ಅದು ಹೊಸ ಅಂಕಿಯನ್ನು ಹಿಡಿದುಕೊಳ್ಳುತ್ತಿತ್ತು. ಆದರೆ ಸುಮಾರು ಇಪ್ಪತ್ತೈದು ದಿನದಿಂದ ಯಾರೂ ಮುಟ್ಟದ ಫೈಲಿನ ಮೇಲೆ ಅವಳಿಗೆ ಅನುಮಾನ ಹುಟ್ಟುವುದಾದರೂ ಹೇಗೆ? ಸರ್ವರನ್ನೇ ಬಂದ್ ಮಾಡಿ ಶುರುಮಾಡೋಣವೆಂದರೆ ಕಲ್ಯಾಣಪ್ಪನವರು ಉಳಿದ ನಾಲ್ಕು ಊರಿನ ಹೆಸರೆತ್ತಿ ಗದರಿದರು. ಒಂದು ಗಂಟೆಯಾಯಿತು, ಎರಡಾಯಿತು. ಅವಳ ಮುಖ ಬಿಳಿಚಿತು.

ವಿಠ್ಠಲ್ ತನ್ನ ಮೇಜಿನ ಮುಂದೆ ಚಹಾ ಕುಡಿಯುತ್ತ ಕೂತಿದ್ದ. ಎಷ್ಟೋ ದಿನದ ಮೇಲೆ ಚಹಾ ಸಿಹಿಯೆನ್ನಿಸಿತ್ತು.

ಅವಳು ಬಂದು ಎದುರು ನಿಂತಳು. “ಸರ್, ನೀವೊಂದು ಸಲ ನೋಡ್ತೀರೇನ್ರಿ? ನಂಗ ಏನೂ ತಿಳೀವಲ್ದು.”

“ಹೊಸಾ ಪದ್ಧತಿ ನನಗೇನ್ ಗೊತ್ತವ್ವಾ,” ಎಂದು ಆತ ಎದ್ದು ಹೊರಗೆ ಹೋದ.

ಬಾಗಿಲ ಹೊರಗೆ ನಿಂತಿದ್ದಾಗ ಅವನ ಸ್ವಂತ ಮೊಬೈಲಿಗೇ ರಶೀದಾಬೇಗಂ ಫೋನ್ ಮಾಡಿದರು. “ವಿಠ್ಠಲ್‌ಭಾಯಿ, ಆಫೀಸಿಗಿ ಮಾಡಿ ಸಾಕಾಯ್ತು. ನಮ್ಮ ಮಾಳಗಿ ಹತ್ತಿ ವಾಯರ್ ಎಳದಾಂವ ನೀನೇ, ನೀನೇ ಹೇಳು. ಆಗ್ತದೋ ಇಲ್ಲೋ? ಆಗಲ್ಲ ಅಂದ್ರ ಈ ಹುಡಗೇರಿಗಿ ಸೇಡಂ ಬಸ್ ಹತ್ತಸ್ತೀನಿ. ಒಬ್ಬಾಕಿ ಅಳಲಿಕತ್ತಾಳ.”

ಅವರ ದನಿಯ ಹಿಂದೆ ಹುಡುಗಿಯರ ಗುಜುಗುಜು ಕೇಳಿಸಿತು. ವಿಠ್ಠಲನಿಗೆ ಅಷ್ಟು ಹೊತ್ತೂ ಕಣ್ಣೆದುರಿದ್ದದ್ದು ಲುಂಬಿನಿಯ ಮುಖ ಒಂದೇ, ಈ ಹುಡುಗಿಯರು ಲೆಕ್ಕಕ್ಕೇ ಬಂದಿರಲಿಲ್ಲ.

“ಬಸ್ ಹತ್ತಸಬ್ಯಾಡ್ರಿ ಆಪಾ. ಐದ್ ಮಿನಿಟ್ ತಡೀರಿ,” ಎಂದ.

ಒಳಗೆ ಹೋಗಿ ಲುಂಬಿನಿಯ ಕುರ್ಚಿಯಲ್ಲಿ ಕೂತ. ಫೈಲ್ ತೆರೆದು, ಹುಡುಕದೆ, ತಡಕಾಡದೆ, ನೇರವಾಗಿ ಆರನೆಯ ಸಾಲಿಗೆ ಹೋಗಿ ‘ಐಐಎಫ್’ ಎಂಬುದರ ಮುಂದೆ ‘ನೇಮ್’ ಸೇರಿಸಿದ. ಲೋಡ್ ಮಾಡಿದ. ಚಿಂಚೋಳಿ ಎದ್ದಿತು.

ಲುಂಬಿನಿ ಪರದೆಯನ್ನು ನೋಡಲಿಲ್ಲ, ಅವನನ್ನು ನೋಡಿದಳು. “ನಿಮಗ ಮೊದ್ಲೇ ಗೊತ್ತಿತ್ತೇನ್ರಿ ಸರ್?”

ಅವನು ಉತ್ತರ ಕೊಡುವಷ್ಟರಲ್ಲಿ ಕಲ್ಯಾಣಪ್ಪನವರು ಬಂದು ಬೆನ್ನು ಚಪ್ಪರಿಸಿದರು. “ನೋಡಿದ್ಯವ್ವಾ? ಅನುಭವ ಅಂದ್ರ ಇದು! ನಿಮ್ಮ ಸರ್ಟಿಫಿಕೇಟ್ ತಗೊಂಡು ಏನ್ ಮಾಡಬೇಕು? ಕೀಲಿ ಕೊಡು ವಿಠ್ಠಲಗ.” ಲುಂಬಿನಿ ಕೀಲಿಯನ್ನು ಮೇಜಿನ ಮೇಲಿಟ್ಟಳು. ತಾನು ಇಟ್ಟ ಜಾಗದಲ್ಲೇ ಇಟ್ಟಳಲ್ಲ ಎಂದು ವಿಠ್ಠಲನಿಗೆ ಅನ್ನಿಸಿತು. ಬಯಸಿದ್ದೆಲ್ಲ ಒಂದೇ ಗಳಿಗೆಯಲ್ಲಿ ಕೈಸೇರಿತ್ತು. ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದ.

ಮರುದಿನ ರಶೀದಾಬೇಗಂ ಮತ್ತೆ ಫೋನ್ ಮಾಡಿದರು, ಶುಕ್ರಿಯಾ ಹೇಳಲು. ಮಾತಿನ ನಡುವೆ ಅಂದರು, “ಹನ್ನೊಂದರಾಗ ಹತ್ತು ಅರ್ಜಿ ಆದ್ವು. ಕರುಣಾ ಅಂತ ಐನಾಪುರದ ಹುಡುಗಿ, ಆಗಲ್ಲ ಅಂತ ತಿಳ್ಕೊಂಡು ಒಂದು ಗಂಟೆ ಬಸ್ಸಿಗಿ ಹೋಗಿಬಿಟ್ಟಿದ್ಳು. ಫೋನ್ ಹತ್ತಲಿಲ್ಲ. ಒಂದು ವರ್ಷ ಹೋಯ್ತು ನೋಡು, ಪಾಪ.”

ಅಂದು ವಿಠ್ಠಲ್ ಭಾಮಾಳಿಗೆ ಎಲ್ಲವನ್ನೂ ಹೇಳಿದ. ಅವಳು ಬಯ್ಯುತ್ತಾಳೆ, ಅತ್ತು ಕರೆಯುತ್ತಾಳೆ ಎಂದುಕೊಂಡಿದ್ದ. ಅವಳು “ಆ ಹುಡುಗಿ ಕಡಿಂದ ಒಂದು ವರ್ಷ ಕಸಗೊಂಡ್ರಿ,” ಎಂದಳಷ್ಟೇ.

ಬೆಳಿಗ್ಗೆ ಅವನು ಲುಂಬಿನಿಯ ಎದುರಿಗೇ ಕಲ್ಯಾಣಪ್ಪನವರಿಗೆ ಹೇಳಿದ. “ಸಾವ್ಕಾರ್ರ, ಅದು ಅನುಭವ ಅಲ್ರಿ. ತಪ್ಪದ ಅಂತ ನನಗ ಹತ್ತೊಂಬತ್ತು ದಿನ ಮೊದ್ಲೇ ಗೊತ್ತಿತ್ತು. ಹೊಟ್ಟಿಕಿಚ್ಚಿಗಿ ಹೇಳಲಿಲ್ಲ.”

ಕಲ್ಯಾಣಪ್ಪನವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಹನ್ನೊಂದು ವರ್ಷದ ಋಣ ಅದು. ಕೀಲಿಯನ್ನು ಮರಳಿ ಲುಂಬಿನಿಗೆ ಕೊಟ್ಟು ಅವನನ್ನು ಚಿಂಚೋಳಿಯ ತಂತಿಗಳ ಉಸ್ತುವಾರಿಗೆ ಹಾಕಿದರು. ಅಂದಿನಿಂದ ಮುಂಜಾನೆ ಎಂಟರ ಬಸ್ಸು, ಮಧ್ಯಾಹ್ನದ ಬಿಸಿಲು, ಮತ್ತೆ ಕಂಬ. ಐನಾಪುರದ ಕರುಣಾಳ ಮನೆಗೂ ಒಮ್ಮೆ ಹೋಗಿ ಬಂದ. ಅವಳ ತಾಯಿ ನೀರು ಕೊಟ್ಟಳು. ಹೇಳಬೇಕೆಂದುಕೊಂಡಿದ್ದನ್ನು ಅರ್ಧ ಹೇಳಿದ. ಆ ಹುಡುಗಿ, “ಮುಂದಿನ ವರ್ಷ ಹಾಕ್ತೀನ್ರಿ,” ಎಂದು ಒಳಗೆ ಹೋದಳು.

ಲುಂಬಿನಿ ನಾಲ್ಕು ತಿಂಗಳು ಅವನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳ ಮೆಸೇಜ್ ಬಂತು. ಶಹಾಬಾದಿನ ಹೊಸ ಬಡಾವಣೆಗೆ ಬರೆದ ಫೈರ್‌ವಾಲ್ ಫೈಲು ಜೊತೆಗಿತ್ತು. ‘ಲೋಡ್ ಮಾಡೋದಕ್ಕಿಂತ ಮೊದ್ಲ ನೋಡ್ರಿ ಸರ್. ತಪ್ಪು ಹುಡಕೋದ್ರಾಗ ನಿಮ್ಮಂಥವ್ರು ಯಾರೂ ಇಲ್ಲ.’ ಹೊಗಳಿಕೆಯೋ ಚುಚ್ಚೋ ಅವನಿಗೆ ತಿಳಿಯಲಿಲ್ಲ, ಎರಡೂ ಇದ್ದಿರಬೇಕು.

ಚಿಂಚೋಳಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಆತ ಮೊಬೈಲಿನಲ್ಲಿ ಫೈಲನ್ನು ಓದಿದ. ವಿಳಾಸಗಳು ಒಂದರ ಮೇಲೊಂದು ಬಿದ್ದಿವೆಯೇ, ಬಾಗಿಲಿನ ಹೆಸರು ಸರಿ ಇದೆಯೇ, ಎಲ್ಲ ಹುಡುಕಿದ. ಎರಡನೆಯ ಸಲ ಓದಿದ. ಮೂರನೆಯ ಸಲವೂ ಓದಿದ. ಒಂದೂ ತಪ್ಪಿರಲಿಲ್ಲ. ಎದೆಯಲ್ಲಿ ಅದೇ ಹಳೆಯ ಉರಿ ಕುಟುಕಿತು. ಎಷ್ಟು ಚೊಕ್ಕ ಬರೆದಿದ್ದಾಳೆ ಈ ಹುಡುಗಿ, ತನಗೆ ಹನ್ನೊಂದು ವರ್ಷದಲ್ಲಿ ಇದೇಕೆ ಹೊಳೆಯಲಿಲ್ಲ!

ಬಸ್ಸು ಬಂದು ನಿಂತಿತು. ಹತ್ತುವ ಮುಂಚೆ ಅವನು ಬರೆದು ಕಳಿಸಿದ: ‘ಎಲ್ಲಾ ಸರಿ ಅದ. ಹಾಕು.’