ಹೆಸರು ಕೊರೆದ ಸೀಟು

ಹನ್ನೊಂದು ವರ್ಷ ಜಯಶೀಲಾ ಹಿರಿಯೂರಿನ ಒಂದು ಸೀಟ್ ಕವರ್ ಅಂಗಡಿಯಲ್ಲಿ ರೆಕ್ಸಿನ್ ಹೊಲಿದಳು. ದಿನಕ್ಕೆ ಎಂಟು ಹತ್ತು ಕವರ್, ಎಲ್ಲವೂ ಒಂದೇ ಅಳತೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿಸಿಲಿಗೆ ರೆಕ್ಸಿನ್ ಬಿರಿದು, ಅದೇ ಗಿರಾಕಿ ಅದೇ ಬೈಕಿನಲ್ಲಿ ಮತ್ತೆ ಬರುತ್ತಿದ್ದ. ಅಂಗಡಿ ಮಾಲೀಕನಿಗೆ ಬೇಕಾಗಿದ್ದೂ ಅದೇ. ಜಯಶೀಲಾಗೆ ಮಾತ್ರ ತಾನು ಹೊಲಿದದ್ದು ಹರಿದು ವಾಪಸ್ ಬರುವುದನ್ನು ನೋಡಿದರೆ ಮೈ ಉರಿಯುತ್ತಿತ್ತು.

ಒಂದು ದಿನ ಗೋವಾ ಕಡೆ ಹೊರಟಿದ್ದವನೊಬ್ಬ ಹಳೇ ಬುಲೆಟ್ ತಂದು ನಿಲ್ಲಿಸಿದ. ಅದರ ಸೀಟು ದಪ್ಪ ಚರ್ಮದ್ದು. ಮೇಲೆಲ್ಲ ಬಳ್ಳಿಯ ಕೆತ್ತನೆ ಇತ್ತು. ಒಂದು ಬದಿಯ ಹೊಲಿಗೆ ಬಿಟ್ಟಿತ್ತು. ಮಾಲೀಕ ಅದನ್ನು ಬಿಸಾಕಿ ರೆಕ್ಸಿನ್ ಹಾಕಿಸಿಕೊಳ್ಳಿ ಅಂದ. ಜಯಶೀಲಾ, "ಇಲ್ಲಿ ಕೊಡ್ರಿ, ನಾನು ನೋಡ್ತೀನಿ" ಅಂತ ಕೈಗೆ ತಗೊಂಡಳು. ಮಷೀನಿನ ಮೂರು ಸೂಜಿ ಮುರಿದವು. ಕೊನೆಗೆ, ತನ್ನೂರು ಮತ್ತೋಡಿನಲ್ಲಿ ಅಪ್ಪ ಕರಿಸಿದ್ದಪ್ಪ ಕಂಬಳಿಯ ಪಟ್ಟಿಗಳನ್ನು ದಬ್ಬಳದಲ್ಲಿ ಜೋಡಿಸುತ್ತಿದ್ದುದನ್ನು ನೆನೆದು ಕೈಯಲ್ಲೇ ಹೊಲಿದು ಮುಗಿಸಿದಳು. ಬುಲೆಟ್ ಹೋಯಿತು. ಆ ಬಳ್ಳಿಯ ಉಬ್ಬುತಗ್ಗು ಮಾತ್ರ ಅವಳ ಬೆರಳಿನಲ್ಲೇ ಉಳಿಯಿತು.

ಮುಂದಿನ ಭಾನುವಾರ ಅವಳು ಹೊಳಲ್ಕೆರೆಯ ಬಸ್ಸು ಹತ್ತಿದಳು. ಅಲ್ಲಿ ಚರ್ಮದ ಕೆಲಸದ ಬಾಲರಾಜು ಅಂತ ಒಬ್ಬರಿದ್ದರು. ಎತ್ತಿನ ಗೆಜ್ಜೆಪಟ್ಟಿ, ಚಪ್ಪಲಿ, ಏನು ಮಾಡಿಕೊಟ್ಟರೂ ಹತ್ತು ವರ್ಷ ಬಾಳುತ್ತಿತ್ತು. ಅವರು ಇವಳನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದರು.

"ಯಾರ ಮಗಳವ್ವ ನೀನು?"

"ಮತ್ತೋಡಿನ ಕುರುಬ್ರ ಕರಿಸಿದ್ದಪ್ಪನ ಮಗಳು. ಚರ್ಮದ ಕೆಲ್ಸ ಕಲೀಬೇಕು ಬಾಲರಾಜಣ್ಣ."

"ನಿಮ್ಮೋರು ಒಪ್ತಾರಾ?"

"ಕಲಿಯೋಳು ನಾನು. ಅವರನ್ನ ಕೇಳಿ ಬಂದಿಲ್ಲ."

ಬಾಲರಾಜು ಕೈಲಿದ್ದ ಉಳಿ ಕೆಳಗಿಟ್ಟರು. "ನಮ್ಮನೇಲಿ ನೀರು ಕುಡೀತೀಯಾ?"

ಜಯಶೀಲಾ ನೇರ ಒಳಗೆ ಹೋಗಿ, ಬಿಂದಿಗೆಯಿಂದ ಒಂದು ಚೊಂಬು ನೀರು ಬಗ್ಗಿಸಿಕೊಂಡು, ಕುಡಿದು, ಬಂದು ಅವರ ಎದುರಿಗೆ ನೆಲದ ಮೇಲೆ ಕುಂತಳು. ಅಲ್ಲಿಂದ ಎರಡು ವರ್ಷ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಎಮ್ಮೆ ಚರ್ಮವನ್ನು ಎಷ್ಟು ನೆನೆಸಬೇಕು, ಯಾವ ಹದಕ್ಕೆ ಆರಿದಾಗ ಚಾಕು ಇಡಬೇಕು ಅನ್ನುವುದನ್ನು ಬಾಲರಾಜು ಹೇಳಿಕೊಟ್ಟರು. ಚರ್ಮದ ಮೇಲೆ ಹೂವು, ಬಳ್ಳಿ, ರೆಕ್ಕೆ ಉಬ್ಬಾಗಿ ಎಬ್ಬಿಸುವುದು ಅವರಿಗೂ ಗೊತ್ತಿರಲಿಲ್ಲ. ಅದನ್ನು ಅವಳು ಮೊಬೈಲಿನಲ್ಲಿ ನೋಡಿ ನೋಡಿ ಕಲಿತಳು. ಅಚ್ಚುಗಳಿಗೆ ಗ್ಯಾರೇಜಿನ ಹಳೇ ಇಂಜಿನ್ ವಾಲ್ವುಗಳನ್ನು ಆಯ್ದುಕೊಂಡು ಬಂದು, ಲೇತಿನಲ್ಲಿ ತುದಿ ಉಜ್ಜಿಸಿದಳು. ಬಡಿಯಲು ಹುಣಸೆ ಮರದ ಕೊಡತಿ, ಕೆಳಗಿಡಲು ಒಂದು ಕರಿಕಲ್ಲಿನ ತುಂಡು. ಆಮೇಲೆ ರೆಕ್ಸಿನ್ ಅಂಗಡಿ ಬಿಟ್ಟು, ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿಗೆ ಒತ್ತಿಕೊಂಡಿದ್ದ ಒಂದು ಮಳಿಗೆ ಹಿಡಿದಳು.

ಸುದ್ದಿ ಮತ್ತೋಡಿಗೆ ಮುಟ್ಟಿದ್ದು ತಂಗಿ ಕಾವ್ಯಶ್ರೀಯ ನಿಶ್ಚಿತಾರ್ಥದ ದಿನ. ಗಂಡಿನ ಕಡೆಯವರೆಲ್ಲ ಚಾಪೆಯ ಮೇಲೆ ಕುಂತಿದ್ದರು. ಜಯಶೀಲಾ ಆರತಿ ತಟ್ಟೆ ಎತ್ತಿಕೊಳ್ಳುವಾಗ ಅಪ್ಪನ ಅಣ್ಣ ಕಾಟಲಿಂಗಪ್ಪ ಅಡ್ಡ ಕೈ ಹಿಡಿದ.

"ನೀನು ಬೇಡ ಬಿಡು. ಚರ್ಮ ಕುಯ್ಯೋ ಕೈ ಅದು. ದೇವ್ರ ಮುಂದೆ ಇಟ್ಟಿರೋ ತಟ್ಟೆ ಇದು."

ತಾಯಿ ಗಂಗಕ್ಕ ಅಡುಗೆ ಮನೆಯಿಂದ ಕಣ್ಣಲ್ಲೇ, ಸುಮ್ಮನಿರು, ಅಂದಳು. ಜಯಶೀಲಾ ಸುಮ್ಮನಿರಲಿಲ್ಲ. ದನಿ ಏರಿಸಲೂ ಇಲ್ಲ.

"ದೊಡ್ಡಪ್ಪ, ಬೀರಪ್ಪನ ಮುಂದೆ ನೀನು ಡೊಳ್ಳು ಬಾರಿಸ್ತೀಯಲ್ಲ, ಅದ್ಕೆ ಬಟ್ಟೆ ಬಿಗಿದಾರಾ? ಆ ಚರ್ಮ ಹದ ಮಾಡಿದ್ದು ಯಾರು, ಬಿಗಿದಿದ್ದು ಯಾರು? ಅದು ದೇವ್ರಿಗೆ ಬೇಕು, ಮಾಡಿದ ಕೈ ಬೇಡ್ವಾ?"

"ನಿನ್ನಿಂದ ತಂಗಿ ಸಂಬಂಧ ಮುರೀತೈತೆ ನೋಡು."

"ಮುರಿಯೋದಾದ್ರೆ ಇವತ್ತೇ ಮುರೀಲಿ. ನಾಳೆ ಅವರಿಗೆ ಗೊತ್ತಾಗಿ ಮುರಿಯೋದು ಬ್ಯಾಡ."

ಗಂಡಿನ ಅಜ್ಜಿ ಓಬವ್ವ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಬ್ಬಿ, "ಆರತಿ ಆಗ್ಲಿ, ಹಸಿವಾಗೈತೆ" ಅಂದಳು. ಜಯಶೀಲಾ ಆರತಿ ಎತ್ತಿದಳು. ಕಾಟಲಿಂಗಪ್ಪ ಎದ್ದು ಹೊರಗೆ ಹೋದ. ಅವಳು ಮೊದಲ ಪಂಕ್ತಿಯಲ್ಲೇ ಕುಂತು, ಪಾಯಸವನ್ನು ಎರಡು ಸಲ ಕೇಳಿ ಹಾಕಿಸಿಕೊಂಡಳು.

ಮರುವರ್ಷ ಬೆಂಗಳೂರಿನ ಸುದೀಪ್ ಅನ್ನುವವನು ಬಂದ. ಹಳೇ ಬೈಕುಗಳನ್ನು ಕೊಯ್ದು, ಬೆಸೆದು, ಬೇರೆಯೇ ರೂಪ ಕೊಡುವ ವರ್ಕ್‌ಶಾಪು ಅವನದು. ಒಂದು ಪ್ರದರ್ಶನಕ್ಕೆ ಬೈಕು ಕಟ್ಟುತ್ತಿದ್ದ. ಸ್ಪ್ರಿಂಗಿನ ಮೇಲೆ ಕೂರುವ ಒಂಟಿ ಸೀಟು, ಮೇಲೆ ರೆಕ್ಕೆ ಬಿಚ್ಚಿದ ಹದ್ದು ಬೇಕು ಅಂದ. ಜಯಶೀಲಾ ಇಪ್ಪತ್ತಾರು ದಿನ ಅದರ ಮುಂದೆ ಕುಂತಳು. ಅವನು ಕೊಟ್ಟ ಚಿತ್ರದ ಹದ್ದು ಅವಳಿಗೆ ಹಿಡಿಸಲಿಲ್ಲ. ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿ, ಬಂಡೆಯ ಮೇಲೆ ಗಾಳಿಗೆ ಎದೆಯೊಡ್ಡಿ ತೇಲುವ ಹದ್ದನ್ನು ಅರ್ಧ ದಿನ ನೋಡಿ ಬಂದು ಗರಿ ಗರಿಯಾಗಿ ಎಬ್ಬಿಸಿದಳು. ಕೊನೆಗೆ ಸೀಟಿನ ಹಿಂಬದಿಯಲ್ಲಿ ಸಣ್ಣಗೆ ಕನ್ನಡದಲ್ಲಿ ಕೊರೆದಳು: ಜಯಶೀಲಾ, ಹಿರಿಯೂರು.

ಸುದೀಪ್ ಬಂದು ಹದ್ದಿನ ಗರಿಗಳ ಮೇಲೆ ಮತ್ತೆ ಮತ್ತೆ ಕೈಯಾಡಿಸಿದ. ಆಮೇಲೆ ಹೆಸರು ಕಂಡ.

"ಮೇಡಂ, ಇದು ಬೇಡ. ಎಲ್ಲಾ ನಮ್ಮ ವರ್ಕ್‌ಶಾಪಲ್ಲೇ ಆಗಿದ್ದು ಅಂತ ಬೋರ್ಡ್ ಹಾಕ್ತೀವಿ."

"ಆಗಿದ್ದು ಇಲ್ಲೇ ಅಲ್ವಾ?"

"ಮೇಲೊಂದು ತುಂಡು ಚರ್ಮ ಹೊಲಿದುಬಿಡಿ, ಮುಚ್ಚಿಹೋಗುತ್ತೆ."

"ನಾನಂತೂ ಹೊಲಿಯಲ್ಲ. ಬೇರೆಯೋರ ಕೈಲಿ ಹೊಲಿಸ್ತೀನಿ ಅಂದ್ರೆ ಸೀಟೇ ಕೊಡಲ್ಲ. ಕೊಟ್ಟಿದ್ದ ಮುಂಗಡ ತಗೊಂಡು ಹೋಗ್ರಿ."

ಅವನು ನಕ್ಕ, ಆಮೇಲೆ ಸಿಟ್ಟಾದ, ಆಮೇಲೆ ಮುಂಗಡ ವಾಪಸ್ ತಗೊಂಡು ಕಾರು ಹತ್ತಿ ಹೋದ. ಸೀಟು ಬೆಂಚಿನ ಮೇಲೆ ಉಳಿಯಿತು. ತಪ್ಪು ಮಾಡಿದೆನೇನೋ ಅಂತ ಜಯಶೀಲಾಗೂ ಒಂದೆರಡು ದಿನ ಊಟ ರುಚಿಸಲಿಲ್ಲ. ಆದರೆ ಆ ಹೆಸರಿನ ಮೇಲೆ ಪಟ್ಟಿ ಹೊಲಿಯುವುದನ್ನು ಕಣ್ಣ ಮುಂದೆ ತಂದುಕೊಂಡಾಗಲೆಲ್ಲ ಸಿಟ್ಟು ಮತ್ತೆ ಬಂದು ಬೆನ್ನು ನೆಟ್ಟಗಾಗುತ್ತಿತ್ತು.

ಆ ವಾರ ಕರಿಸಿದ್ದಪ್ಪ ಕುರಿಗೆ ಔಷಧಿ ಒಯ್ಯಲು ತನ್ನ ಹಳೇ ಟಿವಿಎಸ್ ಮೊಪೆಡ್ಡಿನಲ್ಲಿ ಹಿರಿಯೂರಿಗೆ ಬಂದಿದ್ದ. ಮಗಳ ಅಂಗಡಿಗೆ ಕಾಲಿಟ್ಟಿದ್ದು ಅದೇ ಮೊದಲು. ಸೀಟನ್ನು ಎತ್ತಿ, ಹದ್ದನ್ನು ಬಿಟ್ಟು, ಅಂಚಿನ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದ.

"ಹೊಲಿಗೆ ಬಿಗಿ ಐತೆ" ಅಂದ. ಸೀಟನ್ನು ತಿರುಗಿಸಿ, "ಯಾರ್ದು ಇದು?" ಅಂದ.

"ಯಾರ್ದೂ ಅಲ್ಲ. ನಿನ್ನ ಗಾಡಿಗೆ ಹಾಕ್ಲಾ?"

ಪಕ್ಕದ ಪಂಕ್ಚರ್ ಅಂಗಡಿಯ ಶಿವು ಒಂದು ಗಂಟೆ ಒದ್ದಾಡಿ ಕ್ಲಾಂಪ್ ಕೂರಿಸಿದ. ಮೇವಿನ ಹೊರೆ ಹೊತ್ತು ಸೊಟ್ಟಗಾಗಿದ್ದ ಮೊಪೆಡ್ಡಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದು ಕುಂತಿತು. ಅಪ್ಪ ರುಮಾಲು ಬಿಗಿದು ಹೊರಟ. ಹೊಸದುರ್ಗದ ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರಂತೆ. ಮತ್ತೋಡಿನಲ್ಲಿ ಅವನು ಅಣ್ಣನ ಮನೆ ಮುಂದೆ ಬೇಕಂತಲೇ ನಿಧಾನಕ್ಕೆ ಓಡಿಸಿದ. ಕಾಟಲಿಂಗಪ್ಪ ಜಗುಲಿಯಿಂದ ನೋಡಿ, ಮುಖ ತಿರುಗಿಸಿಕೊಂಡ. ಇವತ್ತಿಗೂ ಅವನು ಜಯಶೀಲಾ ಜೊತೆ ಮಾತಾಡುವುದಿಲ್ಲ. ಅವಳೂ ಅದಕ್ಕಾಗಿ ಕಾಯುತ್ತಿಲ್ಲ.

ಆ ಮೊಪೆಡ್ಡು ಒಂದು ಡಾಬಾದ ಮುಂದೆ ನಿಂತಿದ್ದಾಗ, ಗುಂಪಾಗಿ ಹೊರಟಿದ್ದ ಬೈಕಿನವರು ಫೋಟೊ ತೆಗೆದರು. ಹಿಂಬದಿಯ ಹೆಸರು ಓದಿಕೊಂಡು ನಾಲ್ವರು ವಾಪಸ್ ಹಿರಿಯೂರಿಗೇ ಬಂದರು. ಅಲ್ಲಿಂದ ಕೆಲಸ ನಿಲ್ಲಲಿಲ್ಲ. ಪುಣೆಯಿಂದ, ಕೊಯಮತ್ತೂರಿನಿಂದ ಬೈಕುಗಳು ಬಂದವು.

ಹೋದ ಶ್ರಾವಣದಲ್ಲಿ ಸುದೀಪ್ ಫೋನ್ ಮಾಡಿದ. ಮೂರು ಸೀಟು ಬೇಕಾಗಿದ್ದವು.

"ಹೆಸರು ಇರ್ಲಿ ಮೇಡಂ" ಅಂದ, ಅವಳು ಕೇಳುವ ಮುಂಚೆಯೇ. "ಕೊರಿಯರಲ್ಲಿ ಅಳತೆ ಕಳಿಸ್ತೀನಿ."

"ಅಳತೆ ಕಳಿಸಬ್ಯಾಡ್ರಿ. ಗಾಡಿ ಓಡ್ಸೋರನ್ನ ಕಳಿಸ್ರಿ. ಯಾರು ಕುಂತ್ಕಳ್ತಾರೆ ಅಂತ ನೋಡದೆ ನಾನು ಚರ್ಮಕ್ಕೆ ಚಾಕು ಇಡಲ್ಲ."

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. ಸೋಮವಾರ ಮೂವರೂ ಬಂದರು. ಜಯಶೀಲಾ ಅವರನ್ನು ಬಿಸಿಲಲ್ಲಿ ಸಾಲಾಗಿ ಗಾಡಿಯ ಮೇಲೆ ಕೂರಿಸಿ, ಬಾಯಲ್ಲಿ ಸೀಮೆಸುಣ್ಣ ಕಚ್ಚಿಕೊಂಡು, ಒಬ್ಬೊಬ್ಬರದೇ ಅಳತೆ ತೆಗೆಯತೊಡಗಿದಳು.