ಮೆಣಸಿನಕಾಯಿ ಮೇಲೆ ಬಂದ ಅಪವಾದ

ಪ್ಯೋ ಮಲ್‌ಸುನ್ ದಲ್‌ಸಾನ್ ಪೇಟೆಯ ತಿರುವಿನಲ್ಲಿ ಮೂವತ್ತು ವರ್ಷದಿಂದ ಎಳ್ಳೆಣ್ಣೆ ಗಾಣ ನಡೆಸುತ್ತಿದ್ದಳು. ಅರವತ್ತಮೂರು ತುಂಬುವವರೆಗೆ ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಆ ಚಳಿಗಾಲ ನಾಲ್ಕು ಸಲ ಹತ್ತಿಸಿದರು.

ಅದಕ್ಕೂ ಮೊದಲು, ಶರತ್ಕಾಲದ ಸುಗ್ಗಿ ಹಬ್ಬಕ್ಕೆ ವಾರವಿತ್ತು. ಮಲ್‌ಸುನ್ ಎಲ್ಲರ ಹಾಗೆ ಗಾಣದ ಮುಂದೆ ನೀಲಿ ಟಾರ್ಪಾಲು ಹಾಸಿ ಕೆಂಪು ಮೆಣಸಿನಕಾಯಿ ಒಣಗಲು ಹರವಿದ್ದಳು. ನಡುಮಧ್ಯಾಹ್ನ ಮದುವೆ ಮಂಟಪದ ಮಾಲೀಕ ತಾಕ್ ಜಾಂಗ್‌ಗುಕ್‌ನ ದೊಡ್ಡ ಕಾರು ಪೇಟೆಬೀದಿಯಲ್ಲಿ ನುಗ್ಗಿ ಬಂದು, ಎದುರು ಓಣಿಯಿಂದ ಹೊರಬರುತ್ತಿದ್ದ ಪುಟ್ಟ ಕಾರಿಗೆ ಬಡಿಯಿತು. ಅದರಲ್ಲಿದ್ದವಳು ಶಾಲೆಯ ಅಡುಗೆಯವಳು ಗೀ ಒಕ್‌ಬುನ್. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಯಿತು.

ತಾಕ್‌ನ ವಕೀಲ ಕೋರ್ಟಿನಲ್ಲಿ ಹೇಳಿದ್ದು ಇಷ್ಟು: ರಸ್ತೆಗೆ ಚಾಚಿದ್ದ ಮೆಣಸಿನಕಾಯಿ ತಪ್ಪಿಸಲು ತಾಕ್ ಕಾರನ್ನು ಆಚೆಗೆ ತಿರುಗಿಸಬೇಕಾಯಿತು, ಆ ಹೆಂಗಸೂ ನೋಡದೆ ನುಗ್ಗಿದಳು. ಒಕ್‌ಬುನ್‌ಳ ಗಂಡ ಡೋಕ್‌ಸು ಅಂದಿನಿಂದ ಗಾಣದ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸತೊಡಗಿದ.

"ಟಾರ್ಪಾಲು ರಸ್ತೆ ಅಂಚಿನ ಬಿಳಿಗೆರೆ ದಾಟಿ ಎಷ್ಟಿತ್ತು?" ಮೊದಲ ಸಲ ವಕೀಲ ಕೇಳಿದ.

"ಒಂದು ಗೇಣು."

"ಎರಡು ಗೇಣು ಇರಬಹುದಲ್ವಾ?"

"ನನ್ನ ಕೈಯಲ್ಲಿ ಒಂದು. ನಿಮ್ಮ ಕೈ ಚಿಕ್ಕದಿದ್ರೆ ನನಗೆ ಗೊತ್ತಿಲ್ಲಪ್ಪ."

ಎರಡನೇ ಸಲ ತಾಕ್‌ಗೆ ಜ್ವರವಂತೆ, ಮುಂದಕ್ಕೆ ಹಾಕಿದರು. ಮೂರನೇ ಸಲ ಮತ್ತೆ ಗೇಣು. ಸರ್ಕಾರಿ ವಕೀಲನೂ ಗೇಣನ್ನೇ ಹಿಡಿದುಕೊಂಡ. ಕಾರು ಹೇಗೆ ಬಂತೆಂದು ಒಬ್ಬನೂ ಕೇಳಲಿಲ್ಲ. ಅವಳಾಗಿ ಬಾಯಿ ತೆರೆದರೆ, "ಕೇಳಿದ್ದಕ್ಕಷ್ಟೇ ಉತ್ತರ ಹೇಳಿ" ಅನ್ನುತ್ತಿದ್ದರು. ಮೂರು ಸಲವೂ ಅವಳು ಆ ಟಾರ್ಪಾಲನ್ನು ಸುತ್ತಿ ಕಂಕುಳಲ್ಲಿ ಹೊತ್ತು ತಂದಿದ್ದಳು. ಬಾಗಿಲ ಕಾವಲಿನವನು ಮೂರು ಸಲವೂ ತಡೆದ.

"ಅಜ್ಜಿ, ಸಾಮಾನೆಲ್ಲ ಒಳಗೆ ತರೋ ಹಾಗಿಲ್ಲ. ಇದೇನು ಸಂತೇನಾ?"

"ಸಂತೇಲಾದ್ರೆ ತಂದಿದ್ದನ್ನ ಬಿಚ್ಚಿ ನೋಡ್ತಾರೆ, ಮಾರಾಯ."

ನಾಲ್ಕನೇ ಸಲ ವಕೀಲ ಮತ್ತೆ "ಗೇಣು" ಅಂದ ತಕ್ಷಣ ಮಲ್‌ಸುನ್ ಅವನನ್ನು ಬಿಟ್ಟು ನ್ಯಾಯಾಧೀಶರ ಕಡೆ ತಿರುಗಿದಳು.

"ಸ್ವಾಮಿ, ಗೇಣು ನನ್ನ ತಪ್ಪು. ಬರ್ಕೊಳ್ಳಿ, ಮೂರು ಸಲ ಹೇಳಾಯ್ತು. ಆದ್ರೆ ಈ ತಾಕ್ ತಪ್ಪಿಸಿದೆ ಅಂತಾನಲ್ಲ, ತಪ್ಪಿಸಿದ ಕಾರು ಮೆಣಸಿನಕಾಯಿ ಮೇಲೆ ಯಾಕೆ ಹತ್ತಿತು? ಪೊಲೀಸಿನವನು ಟೇಪು ಹಿಡಿದು ಅಳೆದು ಹೋದ, ಕೆಳಗೆ ನೋಡ್ಲಿಲ್ಲ. ನಾನು ಆ ಟಾರ್ಪಾಲು ತೊಳೀದೆ ಇಟ್ಟಿದ್ದೀನಿ. ನಿಮ್ಮ ಬಾಗಿಲಲ್ಲೇ ಬಿದ್ದಿದೆ."

ವಕೀಲ ಆಕ್ಷೇಪಣೆ ಎತ್ತಿದ. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಟಾರ್ಪಾಲನ್ನು ಒಳಗೆ ತರಿಸಿ ಎಂದರು. ಕಾವಲಿನವನೇ ಹೊತ್ತು ತಂದು ನೆಲದ ಮೇಲೆ ಬಿಡಿಸಿದ. ನೀಲಿಯ ಮೇಲೆ ಈ ತುದಿಯಿಂದ ಆ ತುದಿಗೆ ಅರೆದು ಹಿಡಿದ ಕೆಂಪು ಪಟ್ಟಿ, ಅದರಲ್ಲಿ ಚಕ್ರದ ಅಚ್ಚು. ಎಲ್ಲೂ ಸೊಟ್ಟಗಿರಲಿಲ್ಲ. ಘಾಟಿಗೆ ಮೊದಲು ಸೀನಿದವನು ತಾಕ್‌ನ ವಕೀಲ.

ಪರೀಕ್ಷೆಗೆ ಕಳಿಸಿದರು. ಅಚ್ಚು ತಾಕ್‌ನ ಕಾರಿನದೇ, ಕಾರು ಪಕ್ಕಕ್ಕೆ ಸರಿದೇ ಇರಲಿಲ್ಲ ಎಂದು ವರದಿ ಬಂತು. ಅವನಿಗೆ ಎರಡು ವರ್ಷ ಜೈಲು. ಒಕ್‌ಬುನ್‌ಳದು ಏನೂ ತಪ್ಪಿಲ್ಲವೆಂದು ತೀರ್ಪು ಸ್ಪಷ್ಟವಾಗಿ ಹೇಳಿತು. ರಸ್ತೆಗೆ ಅಡ್ಡ ಹಾಸಿದ್ದಕ್ಕೆ ಮಲ್‌ಸುನ್‌ಗೂ ಪುರಸಭೆಯಿಂದ ದಂಡದ ಚೀಟಿ ಬಂತು. ಅವಳು ಗೊಣಗುತ್ತ ಹೋಗಿ ಕಟ್ಟಿದಳು.

ಮರುವಾರ ಡೋಕ್‌ಸು ಎಳ್ಳಿನ ಚೀಲ ಹಿಡಿದು ಬಂದ. ಚೀಲ ಕೆಳಗಿಟ್ಟು ಕೂತ.

"ಅಕ್ಕ, ಅವತ್ತು ಮೊದಲು ಓಡಿ ಹೋದವಳು ನೀನಂತೆ. ಅವಳು ಏನಾದ್ರೂ ಹೇಳಿದ್ಲಾ?"

ಮಲ್‌ಸುನ್ ಎಳ್ಳು ಹುರಿಯುತ್ತಿದ್ದ ಬಾಣಲೆಯ ಉರಿ ತಗ್ಗಿಸಿದಳು. "ನನ್ನ ಕೈ ಹಿಡ್ಕೊಂಡಿದ್ಲು. 'ಇಂಜಿನ್ ಆರಿಸಕ್ಕ, ಪೆಟ್ರೋಲು ಸುಮ್ನೆ ಉರೀತಿದೆ' ಅಂದ್ಲು. ಆರಿಸಿದೆ. ಆಮೇಲೆ ನಿನ್ನ ಹೆಸರು ಹಿಡಿದು ಕರೆದ್ಲು, ಎರಡು ಸಲ."

ಡೋಕ್‌ಸು ತಲೆ ತಗ್ಗಿಸಿದ. ಕಣ್ಣೊರೆಸಿಕೊಂಡು, "ಇದನ್ನ ಕೋರ್ಟಲ್ಲಿ ಹೇಳಬಾರದಿತ್ತಾ?" ಅಂದ.

"ಅಲ್ಲಿ ಯಾರು ಕೇಳಿದ್ರು ತಮ್ಮಾ?" ಅಂದಳು ಮಲ್‌ಸುನ್. "ನೀನೇ ಮೊದಲು ಕೇಳಿದ್ದು."